ಕೀಮೋ ಮತ್ತು ಇತರ ಕ್ಯಾನ್ಸರ್ ಔಷಧಗಳು: ಡೇ ಕೇರ್ ವಾರ್ಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಔಷಧ ಏರಿಸುವ ಡೇ ಕೇರ್ ವಾರ್ಡಿನಲ್ಲಿ ನಾನು ನರ್ಸ್. ಬೆಳಿಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವವರ ವಾರ್ಡ್ ಇದು. ಔಷಧ ನಮ್ಮ ಕಣ್ಣೆದುರೇ ಒಳಗೆ ಹೋಗುತ್ತದೆ. ಅದು ಕೊಡುವ ತೊಂದರೆಗಳು ಮಾತ್ರ ಮನೆಯಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ ನಡೆಯುತ್ತವೆ. ಮೂರು ವಾರ ಕಳೆದು ಬಂದವರನ್ನು "ಹೇಗಿದ್ದಿರಿ?" ಎಂದು ಕೇಳಿದರೆ "ಏನೋ ಸಹಿಸಿಕೊಂಡೆ ಸಿಸ್ಟರ್" ಎನ್ನುತ್ತಾರೆ. ಆ ಉತ್ತರ ಕೇಳಿ ಕೇಳಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ಅವರು ಸಹಿಸಿಕೊಂಡದ್ದರಲ್ಲಿ ಬಹುಪಾಲನ್ನು ಸಹಿಸಬೇಕಾಗಿಯೇ ಇರಲಿಲ್ಲ. ಎರಡನೆಯ ದಿನವೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಔಷಧ ಯಾವುದು, ಪ್ರಮಾಣ ಎಷ್ಟು ಎಂಬುದು ನಿಮ್ಮ ಫೈಲಿನಲ್ಲಿದೆ. ಎರಡು ಮಾತು ಬೇರೆಯಾದರೆ ನಿಮ್ಮ ವೈದ್ಯರ ಮಾತೇ ಮೇಲು.

ಕೀಮೋ, ಟಾರ್ಗೆಟೆಡ್, ಇಮ್ಯುನೋಥೆರಪಿ, ಹಾರ್ಮೋನ್ ಮಾತ್ರೆ: ಎಲ್ಲವೂ ಒಂದೇ ಅಲ್ಲವೇ?

ಅಲ್ಲ, ಮತ್ತು ನಿಮಗೆ ಕೊಡುತ್ತಿರುವುದು ಇವುಗಳಲ್ಲಿ ಯಾವುದು ಎಂದು ತಿಳಿದಿರುವುದು ಮುಖ್ಯ. ಏಕೆಂದರೆ ತೊಂದರೆಗಳೂ ಬೇರೆ ಬೇರೆ.

ಕೀಮೋ ಔಷಧಗಳು ಬೇಗ ಬೇಗ ಇಬ್ಭಾಗವಾಗುವ ಜೀವಕೋಶಗಳ ಮೇಲೆ ಬೀಳುತ್ತವೆ. ಇದು ಕ್ಯಾನ್ಸರ್ ಕೋಶ, ಇದು ಕೂದಲ ಬುಡದ ಕೋಶ ಎಂಬ ಭೇದ ಅವಕ್ಕೆ ತಿಳಿಯದು. ನಮ್ಮ ದೇಹದಲ್ಲಿ ಬಿಡುವಿಲ್ಲದೆ ಹೊಸ ಕೋಶ ಹುಟ್ಟುವ ಜಾಗಗಳೆಂದರೆ ಮೂಳೆಯೊಳಗಿನ ಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರ, ಕೂದಲ ಬುಡ. ಹಾಗಾಗಿಯೇ ರಕ್ತಕಣಗಳ ಸಂಖ್ಯೆ, ಅಂದರೆ ಕೌಂಟ್, ಇಳಿಯುತ್ತದೆ, ಬಾಯಿಹುಣ್ಣು, ಭೇದಿ ಬರುತ್ತವೆ, ಕೂದಲು ಉದುರುತ್ತದೆ. ಇಮ್ಯಾಟಿನಿಬ್, ಟ್ರಾಸ್ಟುಝುಮಾಬ್‌ನಂಥ ಟಾರ್ಗೆಟೆಡ್ ಔಷಧಗಳು ಕ್ಯಾನ್ಸರ್ ಕೋಶದ ಒಂದು ನಿರ್ದಿಷ್ಟ ಪ್ರೋಟೀನನ್ನು ಹಿಡಿದು ಕೆಲಸ ಮಾಡುತ್ತವೆ. ಟಮಾಕ್ಸಿಫೆನ್, ಲೆಟ್ರೊಜೋಲ್ ಮಾತ್ರೆಗಳು ಸ್ತನ ಕ್ಯಾನ್ಸರ್ ಬೆಳೆಯಲು ಆಸರೆಯಾಗುವ ಹಾರ್ಮೋನಿಗೆ ಅಡ್ಡ ನಿಲ್ಲುತ್ತವೆ. ಇಮ್ಯುನೋಥೆರಪಿ ನೇರವಾಗಿ ಏನನ್ನೂ ಕೊಲ್ಲುವುದಿಲ್ಲ, ನಮ್ಮದೇ ರೋಗನಿರೋಧಕ ಕೋಶಗಳಿಗೆ ಹಾಕಿದ್ದ ಬ್ರೇಕನ್ನು ತೆಗೆಯುತ್ತದೆ. ಅದರ ಕಥೆ ಮುಂದಿದೆ.

ಕೀಮೋ ಎಂದರೆ ಯುದ್ಧದಲ್ಲಿ ಬಳಸಿದ ವಿಷಾನಿಲವಂತೆ. ನಿಜವೇ?

ಒಂದು ಎಳೆ ನಿಜ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಅಮೆರಿಕದ ಯೇಲ್‌ನಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದ್ದ ರೋಗಿಯೊಬ್ಬರಿಗೆ ನೈಟ್ರೋಜನ್ ಮಸ್ಟರ್ಡ್ ಕೊಟ್ಟರು. ಅದು ಸಾಸಿವೆ ಅನಿಲ ಎಂಬ ಯುದ್ಧದ ವಿಷಾನಿಲದ ದಾಯಾದಿ. ಇಂದಿಗೂ ನಾವು ಹಾಕುವ ಸೈಕ್ಲೋಫಾಸ್ಫಮೈಡ್ ಅದೇ ವಂಶದ್ದು.

ಆದರೆ ವಿಷಾನಿಲದ ಕಥೆ ಹೇಳುವವರು ಉಳಿದ ಕಥೆಗಳನ್ನು ಹೇಳುವುದೇ ಇಲ್ಲ. ವಿನ್‌ಕ್ರಿಸ್ಟಿನ್ ಬಂದದ್ದು ನಮ್ಮ ಅಂಗಳದಲ್ಲಿ ತಾನೇ ತಾನಾಗಿ ಬೆಳೆಯುವ ನಿತ್ಯಪುಷ್ಪದಿಂದ. ಕೆಲವು ಕಡೆ ಇದನ್ನು ಕಾಶಿ ಕಣಗಿಲೆ ಎನ್ನುತ್ತಾರೆ. ಪ್ಯಾಕ್ಲಿಟ್ಯಾಕ್ಸೆಲ್ ಸಿಕ್ಕಿದ್ದು ಪೆಸಿಫಿಕ್ ಯೂ ಎಂಬ ಮರದ ತೊಗಟೆಯಲ್ಲಿ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಕೆಲಸದಿಂದ ಅಮಿನೊಪ್ಟೆರಿನ್, ಮೆಥೊಟ್ರೆಕ್ಸೇಟ್ ಹೊರಬಂದವು. ಅಮಿನೊಪ್ಟೆರಿನ್ ಕೊಟ್ಟ ರಕ್ತಕ್ಯಾನ್ಸರಿನ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿಯಾದರೂ ಹಿಂದೆ ಸರಿದದ್ದನ್ನು ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಇದನ್ನು ಓದಿ ಅಂಗಳದ ನಿತ್ಯಪುಷ್ಪದ ಎಲೆ ಕಿತ್ತು ಕಷಾಯ ಮಾಡಬೇಡಿ. ನಾವು ವಿನ್‌ಕ್ರಿಸ್ಟಿನ್ ಅಳೆಯುವುದು ಮಿಲಿಗ್ರಾಂ ಲೆಕ್ಕದಲ್ಲಿ. ಎಲೆಯಲ್ಲಿ ಎಷ್ಟಿದೆ ಎಂದು ಅಳೆಯುವವರಾರು?

21 ದಿನಕ್ಕೊಮ್ಮೆ ಏಕೆ? ಒಟ್ಟಿಗೆ ಕೊಟ್ಟು ಮುಗಿಸಬಾರದೇ?

ಎಲ್ಲರಿಗೂ 21 ದಿನವಲ್ಲ. ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಕೊಡುವುದೂ ಇದೆ. ನಡುವಿನ ಬಿಡುವು ಮಜ್ಜೆಗಾಗಿ. ಅದು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಕೊಟ್ಟರೆ ಏಳಲಾರದು. ಮೂರು ವಾರದ ಸೈಕಲ್‌ನಲ್ಲಿ, ಅಂದರೆ ಒಂದು ಡೋಸಿನಿಂದ ಮುಂದಿನದರವರೆಗೆ, ನಾನು ಕಂಡಂತೆ ಮೊದಲ ನಾಲ್ಕೈದು ದಿನ ವಾಕರಿಕೆ, ಸುಸ್ತು. ಐದರಿಂದ ಹತ್ತರ ನಡುವೆ ಬಾಯಿಹುಣ್ಣು. ಏಳರಿಂದ ಹದಿನಾಲ್ಕರ ನಡುವೆ ಬಿಳಿ ರಕ್ತಕಣಗಳ ಕೌಂಟ್ ತಳ ಮುಟ್ಟುತ್ತದೆ. ಮೂರನೆಯ ವಾರ "ಈಗ ಪರವಾಗಿಲ್ಲ" ಎನ್ನುವ ಹೊತ್ತಿಗೆ ಮತ್ತೆ ನಮ್ಮಲ್ಲಿಗೆ ಬರುವ ದಿನ. ಕ್ಯಾಲೆಂಡರಿನಲ್ಲಿ ಔಷಧ ಹಾಕಿದ ದಿನವನ್ನು 1 ಎಂದು ಬರೆದು ಎಣಿಸುತ್ತಾ ಹೋಗಿ. ಮುಂದಿನ ಪ್ರಶ್ನೆಗೆ ಅದು ಬೇಕು.

ಜ್ವರ ಬಂದರೆ ಏನು ಮಾಡಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಕೌಂಟ್ ಇಳಿದಾಗ ಸೋಂಕಿಗೆ ಎದುರು ನಿಲ್ಲುವವರು ಯಾರೂ ಇರುವುದಿಲ್ಲ. ಕೆಮ್ಮು, ಕೀವು, ಊತ ಯಾವುದೂ ಕಾಣದೆ ಬರೀ ಜ್ವರವಷ್ಟೇ ಇರಬಹುದು. ಅದು ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯುವ ಹಂತಕ್ಕೆ ಹೋಗಬಲ್ಲದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಅದು ತುರ್ತು. ಮೈ ಮುಟ್ಟಿ ನೋಡಿ "ಸ್ವಲ್ಪ ಬೆಚ್ಚಗಿದೆ" ಎನ್ನುವುದು ಲೆಕ್ಕಕ್ಕಿಲ್ಲ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಕಂಕುಳಲ್ಲಿ ಇಟ್ಟು ನೋಡಿದರೆ ಬಾಯಿಗಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ ಎಂಬುದು ನೆನಪಿರಲಿ. ಗುದದ್ವಾರದಲ್ಲಿ ಮಾತ್ರ ಇಡಬೇಡಿ. ಮೈ ನಡುಗುವ ಚಳಿ ಬಂದರೆ ಡಿಗ್ರಿ ಎಷ್ಟಿದ್ದರೂ ಹೊರಡಿ.

ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ; ಇದ್ದ ಒಂದೇ ಎಚ್ಚರಿಕೆ ಗಂಟೆಯ ಬಾಯಿಗೆ ಬಟ್ಟೆ ತುರುಕಿದಂತೆ. ನೇರವಾಗಿ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ಬನ್ನಿ. ದೂರವಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಾಗಿಲಲ್ಲೇ ಹೇಳಬೇಕಾದ ಮಾತು ಇಷ್ಟು: "ಕೀಮೋ ಆಗಿದೆ, ಇವತ್ತು ಒಂಬತ್ತನೆಯ ದಿನ, ಜ್ವರ ಇದೆ." ಬಂದ ಒಂದು ಗಂಟೆಯೊಳಗೆ ಮೊದಲ ಆಂಟಿಬಯಾಟಿಕ್ ರಕ್ತನಾಳದೊಳಗೆ ಹೋಗಬೇಕು ಎನ್ನುವುದು ಎಲ್ಲೆಡೆ ಪಾಲಿಸುವ ಗುರಿ. ರಾತ್ರಿ ಹತ್ತಕ್ಕೆ ಜ್ವರ ಬಂದು, ಯಾರಿಗೂ ತೊಂದರೆ ಬೇಡವೆಂದು ಬೆಳಗಿನ ಮೊದಲ ಬಸ್ಸಿಗೆ ಕಾದವರನ್ನು ಸ್ಟ್ರೆಚರಿನ ಮೇಲೆ ಬರಮಾಡಿಕೊಂಡಿದ್ದೇನೆ. ಆ ಎಂಟು ಗಂಟೆಗಳ ಬೆಲೆ ಅವರ ಮನೆಯವರಿಗೆ ಗೊತ್ತು.

ಕೆಲವರಿಗೆ ಕೀಮೋ ಮರುದಿನ ಹೊಟ್ಟೆಯ ಚರ್ಮಕ್ಕೆ ಕೌಂಟ್ ಏರಿಸುವ ಇಂಜೆಕ್ಷನ್ ಕೊಡುತ್ತೇವೆ. ಫಿಲ್‌ಗ್ರಾಸ್ಟಿಮ್ ಅಥವಾ ಪೆಗ್‌ಫಿಲ್‌ಗ್ರಾಸ್ಟಿಮ್. ಅದಾದ ಮೇಲೆ ಸೊಂಟ, ಬೆನ್ನು, ತೊಡೆಯ ಮೂಳೆ ಸಿಡಿಯುವಂತೆ ನೋಯಬಹುದು. ಕ್ಯಾನ್ಸರ್ ಮೂಳೆಗೆ ಹಬ್ಬಿತು ಎಂದು ಹೆದರಿ ಅಳುತ್ತಾ ಫೋನ್ ಮಾಡಿದವರಿದ್ದಾರೆ. ಮಜ್ಜೆ ಕೆಲಸ ಮಾಡುತ್ತಿರುವ ನೋವು ಅದು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ.

ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ತೆಗೆದುಕೊಂಡರೆ ಸಾಲದೇ?

ಸಾಲದು. ವಾಂತಿಯನ್ನು ಬರದಂತೆ ತಡೆಯುವುದು ಸುಲಭ, ಬಂದದ್ದನ್ನು ನಿಲ್ಲಿಸುವುದು ಕಷ್ಟ. ಬರೆದುಕೊಟ್ಟಷ್ಟು ದಿನ, ಬರೆದುಕೊಟ್ಟ ಹೊತ್ತಿಗೆ, ಚೆನ್ನಾಗಿದ್ದರೂ ನುಂಗಬೇಕು. ಸಿಸ್‌ಪ್ಲಾಟಿನ್ ತೆಗೆದುಕೊಂಡವರಿಗಂತೂ ಮೊದಲ ದಿನ ಏನೂ ಆಗದೆ ಎರಡನೆಯ, ಮೂರನೆಯ ದಿನ ಶುರುವಾಗುವುದುಂಟು. ಮೊದಲ ಸೈಕಲ್‌ನಲ್ಲಿ ವಾಂತಿ ಜೋರಾಗಿದ್ದರೆ ಎರಡನೆಯದಕ್ಕೆ ಬರುವಾಗ ಆಸ್ಪತ್ರೆಯ ಗೇಟ್ ಕಂಡರೇ ಹೊಟ್ಟೆ ತೊಳೆಸುತ್ತದೆ. ಮನಸ್ಸು ಅದನ್ನು ಕಲಿತುಬಿಡುತ್ತದೆ. ಆದ್ದರಿಂದ ಮೊದಲ ಸಲವೇ ಹೇಳಿ. ಔಷಧ ಬದಲಿಸಲು, ಸೇರಿಸಲು ಬೇಕಾದಷ್ಟು ದಾರಿಗಳಿವೆ.

ಒಗ್ಗರಣೆಯ ಘಾಟು ಬಹಳ ಜನರಿಗೆ ಆಗುವುದಿಲ್ಲ. ಆ ನಾಲ್ಕು ದಿನ ಅಡುಗೆಮನೆಯಿಂದ ದೂರವಿರಿ, ಆರಿದ ಊಟ ಮಾಡಿ. ಬಿಸಿ ಸಾರಿಗಿಂತ ಮೊಸರನ್ನ ಒಳಗೆ ಹೋಗುವುದಕ್ಕೆ ಕಾರಣ ತಣ್ಣಗಿನ ಊಟದ ವಾಸನೆ ಕಡಿಮೆ ಎಂಬುದಷ್ಟೇ. ಇನ್ನೊಂದು ಮಾತು: ವಾಂತಿ ತಡೆಯುವ ಒಂಡಾನ್‌ಸೆಟ್ರಾನ್ ಮಲಬದ್ಧತೆ ತರುತ್ತದೆ. ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡು ಕುಳಿತು "ಕೀಮೋ ಒಗ್ಗಲಿಲ್ಲ" ಎನ್ನಬೇಡಿ, ಅದಕ್ಕೂ ಔಷಧ ಕೇಳಿ.

ರಾತ್ರಿಗೆ ಕೊಟ್ಟ ಒಲಾಂಜಪಿನ್ ಮಾತ್ರೆ ಮಾನಸಿಕ ಕಾಯಿಲೆಗೆ ಕೊಡುವುದು ಎಂದು ಮೊಬೈಲಿನಲ್ಲಿದೆ. ತಪ್ಪಾಗಿ ಕೊಟ್ಟಿದ್ದೀರಾ?

ತಪ್ಪಾಗಿಲ್ಲ. ವಾಂತಿಯನ್ನು ಪ್ರಚೋದಿಸುವ ಮೆದುಳಿನ ಸಂಕೇತಗಳನ್ನು ತಡೆಯುವುದರಲ್ಲಿ ಇದು ಬಲು ಗಟ್ಟಿಗ. ನಿದ್ದೆ ಬರಿಸುತ್ತದೆ, ಅದಕ್ಕೇ ರಾತ್ರಿ. ಮರುದಿನವೂ ಮಂಪರು ಇದ್ದರೆ ತಿಳಿಸಿ. 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ, ಮಂಪರು ಕಡಿಮೆ ಎಂದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನ 2024ರಲ್ಲಿ ತೋರಿಸಿದೆ.

ಮೂತ್ರ ಕೆಂಪಗೆ ಹೋಗುತ್ತಿದೆ!

ನಿಮಗೆ ಹಾಕಿದ್ದು ಕೆಂಪು ಔಷಧ, ಅಂದರೆ ಡಾಕ್ಸೊರುಬಿಸಿನ್ ಅಥವಾ ಎಪಿರುಬಿಸಿನ್ ಆಗಿದ್ದರೆ ಒಂದೆರಡು ದಿನ ಅದರದೇ ಬಣ್ಣ. ಅಷ್ಟಕ್ಕೂ ನಿಲ್ಲದಿದ್ದರೆ, ಉರಿ ಇದ್ದರೆ ಹೇಳಿ. ಈ ಔಷಧದ ನಿಜವಾದ ಚಿಂತೆ ಬೇರೆ. ಅದು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು. ಆದ್ದರಿಂದ ಮೊದಲೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತೇವೆ, ಜೀವಮಾನದಲ್ಲಿ ಒಟ್ಟು ಇಷ್ಟೇ ಎಂಬ ಮಿತಿ ಇಟ್ಟು ಲೆಕ್ಕ ಬರೆಯುತ್ತೇವೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಹಳೆಯ ಚೀಟಿಗಳನ್ನು ಬಿಸಾಡದೆ ಒಯ್ಯಿರಿ. ಇದೇ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ಡ್ರಿಪ್ ಹೋಗುವಾಗ ಸೂಜಿಯ ಜಾಗದಲ್ಲಿ ಉರಿ, ಊತ ಬಂದರೆ ಆ ಕ್ಷಣವೇ ಕೂಗಿ ಕರೆಯಿರಿ. ಪಾಪ, ಸಿಸ್ಟರ್ ಊಟ ಮಾಡುತ್ತಿದ್ದಾರೆ ಎಂದು ಸುಮ್ಮನಿರಬೇಡಿ.

ಬಾಯಿಹುಣ್ಣಿಗೆ ಮನೆಯಲ್ಲಿ ಏನು ಮಾಡಬಹುದು?

ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧ ಉಪ್ಪು. ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ. ಬ್ರಷ್ ಮೆತ್ತಗಿರಲಿ. ಉರಿಯುವ ಮೌತ್‌ವಾಶ್, ಖಾರ, ಹುಳಿ ಬೇಡ. ಎಲೆಅಡಿಕೆ, ಹೊಗೆಸೊಪ್ಪಿನ ಬಗ್ಗೆ ಹೇಳಬೇಕೇ? ನೀರೂ ಇಳಿಯದಂತಾದರೆ, ಬಾಯಲ್ಲಿ ಬಿಳಿ ಪೊರೆ ಕಟ್ಟಿದರೆ ಆಸ್ಪತ್ರೆಗೆ ಬನ್ನಿ.

ಪಥ್ಯ ಏನು? ಮೊಟ್ಟೆ, ಮೊಸರು, ಬಾಳೆಹಣ್ಣು ಬಿಡಬೇಕೇ?

ನಮ್ಮವರು ಕಾಯಿಲೆ ಎಂದ ಕೂಡಲೇ ಏನನ್ನಾದರೂ ಬಿಡಲು ಹವಣಿಸುತ್ತಾರೆ. ಮೊಟ್ಟೆ ಉಷ್ಣ, ಮೊಸರು ಶೀತ, ಬದನೆ ನಂಜು, ಬಾಳೆಹಣ್ಣು ಕಫ. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಗಂಜಿ ಮಾತ್ರ. ತೂಕ ಇಳಿದವರಿಗೆ ಕೀಮೋ ತಡೆದುಕೊಳ್ಳುವುದು ಕಷ್ಟವಾಗುತ್ತದೆ, ಡೋಸ್ ಇಳಿಸಬೇಕಾಗುತ್ತದೆ, ಮುಂದೂಡಬೇಕಾಗುತ್ತದೆ. ಹಾಗಾಗಿ ಬಿಡುವುದಕ್ಕಿಂತ ಸೇರಿಸುವುದನ್ನು ಯೋಚಿಸಿ: ಬೇಯಿಸಿದ ಮೊಟ್ಟೆ, ಚೆನ್ನಾಗಿ ಬೆಂದ ಮೀನು, ಕೋಳಿ, ಬೇಳೆ, ಪನೀರ್, ಕಡಲೆಬೀಜ, ರಾಗಿ ಮಾಲ್ಟ್. ರಾಗಿ ಮುದ್ದೆ ತಿಂದು ಬೆಳೆದವರು ಮುದ್ದೆಯನ್ನೇ ತಿನ್ನಿ, ಬಸ್ಸಾರಿನ ಖಾರ ತಗ್ಗಿಸಿ.

ಎಚ್ಚರವಿರಬೇಕಾದದ್ದು ಸ್ವಚ್ಛತೆಯಲ್ಲಿ. ಕೌಂಟ್ ಕಡಿಮೆ ಇರುವ ವಾರ ಬೀದಿಬದಿಯ ಪಾನಿಪೂರಿ, ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಅರೆಬೆಂದ ಮೊಟ್ಟೆ, ಹಸಿ ಕೋಸಂಬರಿ ಬೇಡ. ಸಿಪ್ಪೆ ಸುಲಿಯುವ ಹಣ್ಣು ಮನೆಯಲ್ಲೇ ತೊಳೆದು ಸುಲಿದು ತಿನ್ನಿ. ಕಾಯಿಸಿದ ಹಾಲಿಗೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಸಾಮಾನ್ಯವಾಗಿ ಬಿಡಬೇಕಿಲ್ಲ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನನಗೂ ಬರುತ್ತದೆ. ದೇಹ ಅನ್ನದಿಂದಲೂ ಬೇಳೆಯಿಂದಲೂ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಒಂದನ್ನೇ ಹಸಿವಿಗೆ ಕೆಡವಲಾಗದು. ಸಕ್ಕರೆ ಕಾಯಿಲೆ ಇದ್ದವರ ಮಾತು ಬೇರೆ: ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಆ ದಿನಗಳಲ್ಲಿ ಪರೀಕ್ಷಿಸಿಕೊಳ್ಳುತ್ತಿರಬೇಕು.

ಕಷಾಯ, ಅಮೃತಬಳ್ಳಿ, ಲಕ್ಷ್ಮಣಫಲ, ಚಕ್ಕೋತ ತೆಗೆದುಕೊಳ್ಳಬಹುದೇ?

ಚಕ್ಕೋತದಿಂದ ಶುರುಮಾಡುತ್ತೇನೆ, ಏಕೆಂದರೆ ಅದನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ. ದ್ರಾಕ್ಷಿಹಣ್ಣಿಗೆ ಸಂಬಂಧವಿಲ್ಲದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ಎಂಬ ಹಣ್ಣು ಕರುಳಿನ ಒಂದು ಕಿಣ್ವವನ್ನು ತಡೆದು ಹಲವು ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಚಕ್ಕೋತ ಅದರ ಹತ್ತಿರದ ನೆಂಟ. ಅದೇ ರಾಸಾಯನಿಕಗಳು ಅದರಲ್ಲೂ ಇವೆ. ಇಮ್ಯಾಟಿನಿಬ್, ನಿಲೊಟಿನಿಬ್‌ನಂಥ ಮಾತ್ರೆ ನುಂಗುವವರು ದೇವನಹಳ್ಳಿಯ ಚಕ್ಕೋತ ಎಷ್ಟೇ ಸಿಹಿಯಾಗಿದ್ದರೂ ದೂರವಿಡಿ.

ಅಮೃತಬಳ್ಳಿ ಕಷಾಯ ಕುಡಿದು ಯಕೃತ್ತು ಊದಿಕೊಂಡ ಪ್ರಕರಣಗಳನ್ನು ಕೋವಿಡ್ ಕಾಲದಲ್ಲಿ ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಲಕ್ಷ್ಮಣಫಲವನ್ನು ಬಹುಕಾಲ ತಿನ್ನುವ ಗ್ವಾಡೆಲೂಪ್ ದ್ವೀಪದಲ್ಲಿ ಅದಕ್ಕೂ ಪಾರ್ಕಿನ್‌ಸನ್‌ ಹೋಲುವ ಕಾಯಿಲೆಗೂ ನಂಟು ಕಂಡಿದೆ. ಅಡುಗೆಗೆ ಹಾಕುವ ಅರಿಸಿನಕ್ಕೆ ಯಾವ ಅಡ್ಡಿಯೂ ಇಲ್ಲ. ಅರಿಸಿನದ ಸತ್ವ ತುಂಬಿದ ಕ್ಯಾಪ್ಸೂಲ್ ಬೇರೆ ಸಂಗತಿ. ಕೀಮೋ ಔಷಧಗಳಲ್ಲಿ ಹಲವನ್ನು ಕರಗಿಸಿ ಹೊರಹಾಕುವುದು ಇದೇ ಯಕೃತ್ತು. ಅದು ಸೋತರೆ ಮುಂದಿನ ಡೋಸ್ ಕೊಡುವಂತೆಯೇ ಇಲ್ಲ. ನಾಟಿ ಔಷಧ ತೆಗೆದುಕೊಂಡದ್ದನ್ನು ವೈದ್ಯರು ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು. ಬೈಯಲಿ ಬಿಡಿ, ಹೇಳಿ.

ಕೂದಲು ಹೋಗಲೇಬೇಕೇ?

ಎಲ್ಲ ಔಷಧಕ್ಕೂ ಹೋಗುವುದಿಲ್ಲ. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್‌ಗೆ ಬಹುತೇಕ ಖಚಿತ. ಎರಡು ಮೂರು ವಾರಕ್ಕೆ ದಿಂಬಿನ ಮೇಲೆ ಕಾಣಿಸತೊಡಗುತ್ತದೆ. ನೆತ್ತಿಗೆ ತಂಪು ಟೋಪಿ ಹಾಕಿ ಉಳಿಸಿಕೊಳ್ಳುವ ಯಂತ್ರ ಕೆಲವು ಆಸ್ಪತ್ರೆಗಳಲ್ಲಿದೆ. ಎಲ್ಲರಿಗೂ ಫಲ ಕೊಡುವುದಿಲ್ಲ. ಚಿಕಿತ್ಸೆ ಮುಗಿದ ಒಂದರಿಂದ ಮೂರು ತಿಂಗಳಲ್ಲಿ ಚಿಗುರುತ್ತದೆ, ಕೆಲವರಿಗೆ ಗುಂಗುರಾಗಿ. ನೆರೆಯವರು "ತಿರುಪತಿಗೆ ಹೋಗಿದ್ದಿರಾ?" ಎಂದರೆ ಹೂಂ ಎನ್ನುವುದೇ ಸುಲಭ ಎಂದು ಒಬ್ಬರು ನನಗೆ ಕಲಿಸಿಕೊಟ್ಟರು.

ಕೈಕಾಲು ಜೋಮು ಹಿಡಿಯುತ್ತಿದೆ. ಬಿ ಕಾಂಪ್ಲೆಕ್ಸ್ ಸಾಕೇ?

ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ಬಾರ್ಟೆಝೊಮಿಬ್ ನರದ ತುದಿಗಳನ್ನು ಕೆಡಿಸುತ್ತವೆ. ನಾನು "ಜೋಮು ಇದೆಯೇ?" ಎಂದು ಕೇಳುವುದಿಲ್ಲ, ಇಲ್ಲವೆಂದೇ ಉತ್ತರ ಬರುತ್ತದೆ. "ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುತ್ತದೆಯೇ? ಅಂಗಿಯ ಗುಂಡಿ ಹಾಕಲು, ರಂಗೋಲಿಯ ಎಳೆ ಬಿಡಲು ಆಗುತ್ತದೆಯೇ?" ಎಂದು ಕೇಳುತ್ತೇನೆ. ಆಗುವುದಿಲ್ಲ ಎಂದರೆ ವೈದ್ಯರು ಡೋಸ್ ಇಳಿಸಬೇಕೇ, ನಿಲ್ಲಿಸಬೇಕೇ ಎಂದು ಯೋಚಿಸಬೇಕು. ತಡವಾದರೆ ಕೆಲವರಿಗೆ ಈ ಜೋಮು ವರ್ಷಗಟ್ಟಲೆ ಉಳಿಯುತ್ತದೆ. ವಿಟಮಿನ್ ಮಾತ್ರೆಗಳಿಂದ ಇದು ತಡೆಯುತ್ತದೆ ಎನ್ನಲು ಒಳ್ಳೆಯ ಆಧಾರವಿಲ್ಲ. ನೋವು ತಗ್ಗಿಸಲು ಸ್ವಲ್ಪ ಮಟ್ಟಿಗೆ ನೆರವಾಗುವುದು ಡುಲೊಕ್ಸೆಟಿನ್. ಸ್ನಾನದ ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಿ. ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರು ಕೆಲವು ದಿನ ಫ್ರಿಜ್ಜಿಗೆ ಬರಿಗೈ ಹಾಕಬೇಡಿ, ತಣ್ಣೀರು ಕುಡಿಯಬೇಡಿ. ಗಂಟಲು ಕಟ್ಟಿ ಉಸಿರೇ ನಿಂತಂತೆ ಅನ್ನಿಸುತ್ತದೆ.

ನಮಗೆ ಬರೀ ಮಾತ್ರೆ. ಹಾಗಾದರೆ ಸೌಮ್ಯ ಚಿಕಿತ್ಸೆಯೇ?

ಮಾತ್ರೆಯಾದ ಮಾತ್ರಕ್ಕೆ ಸೌಮ್ಯವಲ್ಲ. ಕೇಪ್‌ಸಿಟಬಿನ್ ಪಕ್ಕಾ ಕೀಮೋ. ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು. ಅಂಗೈ ಅಂಗಾಲು ಕೆಂಪಾಗಿ ಸುಲಿಯತೊಡಗಿದರೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಭೇದಿಯಾದರೆ ಆ ಹೊತ್ತಿನ ಮಾತ್ರೆ ತಡೆಹಿಡಿದು ಫೋನ್ ಮಾಡಿ. ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನ್ ಖಾಲಿ ಹೊಟ್ಟೆಗೆ. ಎರ್ಲೊಟಿನಿಬ್, ಡಾಸಾಟಿನಿಬ್ ಜತೆ ಗ್ಯಾಸ್ ಮಾತ್ರೆ ನುಂಗಿದರೆ ಔಷಧ ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಮರೆತ ಮಾತ್ರೆಗೆ ಬದಲಾಗಿ ಎರಡೆರಡು ನುಂಗುವುದು ಯಾವ ಔಷಧಕ್ಕೂ ಬೇಡ.

ಇಮ್ಯುನೋಥೆರಪಿಗೆ ಅಡ್ಡಪರಿಣಾಮವೇ ಇಲ್ಲವಂತೆ?

ಕೂದಲು ಹೋಗುವುದಿಲ್ಲ, ವಾಂತಿ ಕಡಿಮೆ. ಅದರಿಂದ ಹುಟ್ಟಿದ ಮಾತು ಅದು. ಈ ಬ್ರೇಕುಗಳನ್ನು ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಬ್ರೇಕ್ ತೆಗೆದ ರೋಗನಿರೋಧಕ ಕೋಶಗಳು ಕ್ಯಾನ್ಸರಿನ ಜತೆಗೆ ಸ್ವಂತ ಥೈರಾಯ್ಡ್, ಕರುಳು, ಶ್ವಾಸಕೋಶ, ಯಕೃತ್ತಿನ ಮೇಲೂ ತಿರುಗಿಬೀಳಬಹುದು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇದು ಬರಬಹುದು. ಹಾಗಾಗಿ ನಿಲ್ಲದ ಭೇದಿ, ಹೊಸದಾಗಿ ಶುರುವಾದ ಒಣಕೆಮ್ಮು, ಏದುಸಿರು ಇವನ್ನು ಊರಿನ ಕ್ಲಿನಿಕ್ಕಿನಲ್ಲಿ ಸಾಮಾನ್ಯ ಭೇದಿ, ಕೆಮ್ಮು ಎಂದು ನೋಡಿಸಿಕೊಳ್ಳಬೇಡಿ. ಇದಕ್ಕೆ ಚಿಕಿತ್ಸೆ ಸ್ಟೀರಾಯ್ಡ್, ಅದೂ ಬೇಗ.

ಬೆಲೆಯ ಮಾತು ಬಂದಾಗ ಇದನ್ನು ಹೇಳಬೇಕು. ನಿವೊಲುಮಾಬ್ ಎಂಬ ಇಮ್ಯುನೋಥೆರಪಿ ಔಷಧದ ರೂಢಿಯ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ. ಟಾಟಾ ಮೆಮೋರಿಯಲ್ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ, ಜತೆಗೆ ಅಗ್ಗದ ಮಾತ್ರೆಗಳನ್ನು ಕೊಟ್ಟು ಆಯುಸ್ಸು ಹೆಚ್ಚಿದ್ದನ್ನು 2022ರಲ್ಲಿ ಪ್ರಕಟಿಸಿದರು. ನಿಮ್ಮ ಕಾಯಿಲೆಗೆ ಇದು ಹೊಂದುತ್ತದೆಯೇ ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ತಟ್ಟೆ, ಹಾಸಿಗೆ ಬೇರೆ ಮಾಡಬೇಕೇ?

ಬೇಡ. ಕ್ಯಾನ್ಸರ್ ಅಂಟುವುದಿಲ್ಲ. ಎತ್ತಿಕೊಳ್ಳಿ, ಮುದ್ದಾಡಿ, ಮಗುವಿಗೆ ನೆಗಡಿ, ಜ್ವರ ಇದ್ದಾಗ ಮಾತ್ರ ದೂರ. ಔಷಧ ಹಾಕಿದ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಅದರ ಅಂಶ ಹೊರಬರುತ್ತದೆ. ಮುಚ್ಚಳ ಹಾಕಿ ಎರಡು ಸಲ ನೀರು ಬಿಡಿ, ಮಲಿನವಾದ ಬಟ್ಟೆ ಕೈಗವಸು ಹಾಕಿ ಬೇರೆಯಾಗಿ ಒಗೆಯಿರಿ. ಬಸುರಿಯರು ಈ ಕೆಲಸವನ್ನೂ ಕೀಮೋ ಮಾತ್ರೆ ಮುಟ್ಟುವುದನ್ನೂ ಬಿಡಲಿ.

ನನಗೆ ಏನೂ ಆಗಲಿಲ್ಲ. ಔಷಧ ಕೆಲಸ ಮಾಡುತ್ತಿಲ್ಲವೇ?

ಎರಡಕ್ಕೂ ಸಂಬಂಧ ಕಲ್ಪಿಸಬೇಡಿ. ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ಸ್ಕ್ಯಾನ್ ಮತ್ತು ರಕ್ತಪರೀಕ್ಷೆ.

ಮುಂದೆ ಮಕ್ಕಳಾಗುತ್ತವೆಯೇ?

ಇದನ್ನು ಮೊದಲ ಡೋಸಿಗೆ ಮೊದಲು ಕೇಳಬೇಕು. ವೀರ್ಯ ಶೇಖರಿಸಿಡಲು ಒಂದೆರಡು ದಿನ ಸಾಕು, ಅಂಡಾಣುವಿಗೆ ಸುಮಾರು ಎರಡು ವಾರ ಬೇಕು. ಮದುವೆಯಾಗದ ಇಪ್ಪತ್ತೆರಡರ ಹುಡುಗನ ಎದುರು, ಅವನ ತಂದೆತಾಯಿ ಪಕ್ಕದಲ್ಲಿರುವಾಗ, ಈ ಮಾತು ತೆಗೆಯಲು ನಮಗೂ ಮುಜುಗರ. ಆದರೂ ತೆಗೆಯುತ್ತೇವೆ. ಚಿಕಿತ್ಸೆ ನಡೆಯುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳುವುದು ಗಂಡು ಹೆಣ್ಣು ಇಬ್ಬರಿಗೂ ಅನ್ವಯ.

ಖರ್ಚಿಗೆ ಏನು ದಾರಿ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಬರುವ ದೂರದೂರಿನವರು ರೈಲು ರಿಯಾಯಿತಿಯ ಅರ್ಜಿಯನ್ನು ಆಸ್ಪತ್ರೆಯಲ್ಲೇ ಸಹಿ ಮಾಡಿಸಿಕೊಳ್ಳಿ. ಚಿಕಿತ್ಸೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3 ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜತೆಗಾರರಿಗೆ ಶೇ 75 ರಿಯಾಯಿತಿ. ಬ್ರಾಂಡ್ ಹೆಸರಿಗೆ ಜೋತುಬೀಳಬೇಡಿ. ಇಮ್ಯಾಟಿನಿಬ್‌ನ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ ಇಲ್ಲಿಯೇ ತಯಾರಾಗುವ ಮಾತ್ರೆ ಕೈಗೆಟಕುವ ಬೆಲೆಯಲ್ಲಿ ಉಳಿಯಿತು.

ನಾಲಿಗೆಗೆ ರುಚಿ ಯಾವಾಗ ಮರಳುತ್ತದೆ?

ಎಲ್ಲವೂ ತಗಡಿನಂತೆ, ಇಲ್ಲವೇ ಮಣ್ಣಿನಂತೆ ಎನ್ನುತ್ತಾರೆ. ಬಾಯಿಹುಣ್ಣಿಲ್ಲದಿದ್ದರೆ ನಿಂಬೆ, ಹುಣಸೆಯ ಹುಳಿ ಸ್ವಲ್ಪ ನಾಲಿಗೆ ಎಬ್ಬಿಸುತ್ತದೆ. ಸ್ಟೀಲ್ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್ಕಿನದೋ ಬಳಸಿ, ಅಥವಾ ಕೈಯಲ್ಲೇ ತಿನ್ನಿ. ಕೊನೆಯ ಡೋಸ್ ಆಗಿ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಒಂದೊಂದಾಗಿ ಮರಳುತ್ತವೆ. ನಮ್ಮ ವಾರ್ಡಿನವರ ಲೆಕ್ಕದಲ್ಲಿ ಮೊದಲು ಉಪ್ಪು, ಆಮೇಲೆ ಸಿಹಿ, ಎಲ್ಲಕ್ಕಿಂತ ಕೊನೆಗೆ ಫಿಲ್ಟರ್ ಕಾಫಿ.